ಬಟನ್ ಫೋನ್ ಸಾಕಾ, ದೊಡ್ಡ ಫೋನ್ ಬೇಕಾ, ಇಲ್ಲಾ ಎರಡೂ ಬೇಡವಾ?

ಮೊಬೈಲ್ ಬೇಕೇಬೇಕಾ ಅನ್ನುವ ಜಗಳ ನಮ್ಮ ಕಡೆ ಮನೆಗಳಲ್ಲಿ ಶುರುವಾಗುವುದು ಯಾರದೋ ಒಂದು ಸೆಟ್ ಕೆಟ್ಟಾಗ. ಅಜ್ಜಾರ ಬಟನ್ ಫೋನಿನ ಬ್ಯಾಟರಿ ಉಬ್ಬಿರುತ್ತದೆ. ಮಗ 'ಈ ಸಲ ದೊಡ್ಡದ ತಗೊಂಬಿಡೋಣು' ಅಂತಾನೆ, ಅಂದರೆ ಸ್ಮಾರ್ಟ್‌ಫೋನ್. ಸೊಸೆ 'ಅವರಿಗ್ಯಾಕ ದೊಡ್ಡದು, ಅಂಥಾದ ಇನ್ನೊಂದು ತರ್ರಿ' ಅಂತಾಳೆ. ಅಜ್ಜ ಮಾತ್ರ 'ನನಗ ಯಾವುದೂ ಬ್ಯಾಡ, ನಮ್ಮಪ್ಪ ಏನ್ ಫೋನ್ ಹಿಡ್ಕೊಂಡು ಎರಡು ಕೂರಿಗಿ ಹೊಲ ಮಾಡಿದ್ನಾ?' ಅಂದು ಕಟ್ಟೆಗೆ ಹೋಗಿ ಕೂರುತ್ತಾರೆ.

ಮೂವರ ಮಾತಿನಲ್ಲೂ ಹುರುಳಿದೆ. ಆದರೆ ಮೂವರೂ ಕೈಯಲ್ಲಿ ಹಿಡಿಯುವ ಸಾಮಾನಿನ ಬಗ್ಗೆಯೇ ಮಾತಾಡುತ್ತಿದ್ದಾರೆ. ನನ್ನ ಪ್ರಕಾರ ಈಗ ಬೇಕೇಬೇಕು ಅಂತ ಆಗಿಬಿಟ್ಟಿರುವುದು ಆ ಹತ್ತು ಅಂಕಿಯ ನಂಬರು. ಅದು ನಿಮ್ಮ ಹೆಸರಲ್ಲಿ, ನಿಮ್ಮ ಕೈಯಲ್ಲಿ, ಚಾಲೂ ಇರಬೇಕು. ಅದನ್ನು ಯಾವ ಸೆಟ್‌ಗೆ ಹಾಕಿಕೊಳ್ಳುತ್ತೀರಿ ಅನ್ನುವುದು ಆಮೇಲಿನ ಮಾತು. ಆಯ್ಕೆ ಇರುವುದು ಅಲ್ಲಿ ಮಾತ್ರ.

ಯಾಕೆ ಹೀಗಂತೀನಿ ನೋಡಿ. ಗ್ಯಾಸ್ ಸಿಲಿಂಡರ್ ತರುವ ಹುಡುಗ ಬಾಗಿಲಲ್ಲಿ ನಿಂತು ಕೋಡ್ ಕೇಳುತ್ತಾನೆ. ಸ್ಟೇಟ್ ಬ್ಯಾಂಕ್ ಎಟಿಎಂನಲ್ಲಿ ಹತ್ತು ಸಾವಿರ ಅಥವಾ ಅದಕ್ಕಿಂತ ಜಾಸ್ತಿ ತೆಗೆಯಬೇಕಾದರೆ 2020ರಿಂದ ಫೋನಿಗೆ ಬರುವ ಓಟಿಪಿ ಒತ್ತಬೇಕು. ಅಂದರೆ 'ನಾನು ಬರೀ ನಗದು ರೊಕ್ಕದ ಮನುಷ್ಯ' ಅನ್ನುವವರಿಗೂ ಮೊಬೈಲ್ ತಪ್ಪಲಿಲ್ಲ. ಜಾತಿ-ಆದಾಯ ಪ್ರಮಾಣಪತ್ರದ ಅರ್ಜಿಗೆ ನಂಬರ್ ಬೇಕು. ಮಗಳ ಸ್ಕಾಲರ್‌ಶಿಪ್ ಅರ್ಜಿಗೂ ಬೇಕು. ಗೃಹಲಕ್ಷ್ಮಿ ಎರಡು ಸಾವಿರ ಜಮಾ ಆಯಿತಾ ಇಲ್ಲವಾ ಅಂತ ಅವ್ವನಿಗೆ ಮೊದಲು ಹೇಳುವುದೂ ಬ್ಯಾಂಕಿನ ಮೆಸೇಜೇ. ಇಷ್ಟೆಲ್ಲ ಬರುವುದು ಸಾದಾ ಎಸ್ಸೆಮ್ಮೆಸ್‌ನಲ್ಲಿ. ಸಾವಿರ ರೂಪಾಯಿಯ ಸೆಟ್‌ಗೂ ಅಷ್ಟೇ ಚಂದ ಬರುತ್ತದೆ, ಲಕ್ಷ ರೂಪಾಯಿಯದಕ್ಕೂ ಅಷ್ಟೇ ಚಂದ ಬರುತ್ತದೆ.

ಮೊದಲು ಹೀಗಿರಲಿಲ್ಲ. ನಮ್ಮ ದೇಶದ ಮೊದಲ ಮೊಬೈಲ್ ಕರೆ 1995ರ ಜುಲೈ 31ರಂದು ಹೋಯಿತು. ಕೋಲ್ಕತ್ತಾದಲ್ಲಿದ್ದ ಮುಖ್ಯಮಂತ್ರಿ ಜ್ಯೋತಿ ಬಸು ದೆಹಲಿಯಲ್ಲಿದ್ದ ಮಂತ್ರಿ ಸುಖ್ ರಾಮ್ ಜೊತೆ ಮಾತಾಡಿದ್ದರು. ಆಗ ಅದು ದೊಡ್ಡವರ ಶೋಕಿ, ಬಂದ ಕಾಲ್‌ಗೂ ರೊಕ್ಕ ಕೊಡಬೇಕಿತ್ತು. 2003ರಲ್ಲಿ ಇನ್‌ಕಮಿಂಗ್ ಪುಕ್ಕಟೆ ಆದ ಮೇಲೆಯೇ ಅದು ಸಂತೆಗೆ, ಹೊಲಕ್ಕೆ ಬಂದದ್ದು. 2013ರ ಜುಲೈನಲ್ಲಿ ತಂತಿ ಕಚೇರಿಗೆ ಬೀಗ ಬಿತ್ತು. ಅದರ ಆಚೆ ಈಚೆ ಎಸ್‌ಟಿಡಿ ಬೂತುಗಳೂ, ಒಂದು ರೂಪಾಯಿ ಕಾಯಿನ್ ಬಾಕ್ಸುಗಳೂ ಹೋದವು. ಹಳೇ ದಾರಿಗಳೆಲ್ಲ ಮುಚ್ಚಿದ ಮೇಲೆ 'ನಾವು ಹೆಂಗ ಬದುಕಿದ್ವಿ' ಅನ್ನುವ ಮಾತಿಗೆ ಅರ್ಥ ಕಡಿಮೆ, ಅಲ್ವಾ? ಆಗ ಬದುಕಿದ್ದು ಆ ಬೂತುಗಳನ್ನು ನಂಬಿಕೊಂಡು.

ಏನೂ ಬೇಡ ಅನ್ನುವವರಿಗೆ

ಆಗುತ್ತದೆ. ಆದರೆ ಒಂದು ಷರತ್ತು, ಮನೆಯಲ್ಲಿ ಫೋನ್ ಇರುವ ಬೇರೆಯವರು ಇರಬೇಕು. ನಮ್ಮ ಕಡೆ ಫೋನಿಲ್ಲದೆ ನಡೆಯುವ ಕೆಲಸಗಳು ಇನ್ನೂ ಸಾಕಷ್ಟಿವೆ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ನಡೆಯುತ್ತದೆ. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂತಲ್ಲ, ಆ ಬಸ್ಸಿಗೆ ಅವ್ವ ಒಂದು ಗುರುತಿನ ಚೀಟಿ ತೋರಿಸಿದರೆ ಮುಗಿಯಿತು. ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ಸಿಗೆ ಕೌಂಟರಿನಲ್ಲಿ ರೊಕ್ಕ ಕೊಟ್ಟು ಟಿಕೆಟ್ ತಗೊಳ್ಳಬಹುದು. ಕರೆಂಟ್ ಬಿಲ್ ಹೆಸ್ಕಾಂ ಕೌಂಟರಿನಲ್ಲಿ ತುಂಬಬಹುದು.

ತೊಂದರೆ ಬರುವುದು ಮನೆಯಿಂದ ಹೊರಗೆ ಕಾಲಿಟ್ಟಾಗ. ಹುಬ್ಬಳ್ಳಿ ರೈಲ್ವೆ ಸ್ಟೇಶನ್ನಿನಲ್ಲಿ ಒಂದು ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ ಇದೆ, 2023ರಲ್ಲಿ ಉದ್ಘಾಟನೆ ಆಯಿತು, ಜಗತ್ತಿನಲ್ಲೇ ಉದ್ದದ್ದು ಅಂತ ಹೆಸರು. ಅಲ್ಲಿ ಬೆಂಗಳೂರಿನಿಂದ ಬಂದ ಮಗಳನ್ನು ಫೋನಿಲ್ಲದೆ ಹುಡುಕಿ ನೋಡಿ, ಆಮೇಲೆ ಮಾತಾಡೋಣ! ತಮಾಷೆ ಬಿಡಿ. ಒಬ್ಬರೇ ಇರುವ ವಯಸ್ಸಾದವರು, ಒಬ್ಬರೇ ಹೊಲಕ್ಕೆ ಹೋಗುವವರು ಫೋನ್ ಬೇಡ ಅಂದರೆ ನಾನು ಒಪ್ಪುವುದಿಲ್ಲ. ಹಾವು ಕಡಿದಾಗ, ಎದೆ ಹಿಡಿದಾಗ, ಬದುವಿನ ಮೇಲೆ ಜಾರಿ ಬಿದ್ದು ಕಾಲು ಮುರಿದಾಗ 108ಕ್ಕೋ 112ಕ್ಕೋ ಕಾಲ್ ಹೋಗಬೇಕು. ಓಡಿ ಹೋಗಿ ಹೇಳಲಿಕ್ಕೆ ಈಗ ಪಕ್ಕದ ಹೊಲದಲ್ಲಿ ಆಳುಗಳೂ ಕಡಿಮೆ.

ಮನೆಗೊಂದೇ ಫೋನ್

ಇದು ಉಳಿತಾಯದ ದಾರಿ ಅಂತ ಕಾಣುತ್ತದೆ. ನನಗೆ ಎಲ್ಲಕ್ಕಿಂತ ಅಪಾಯದ್ದು ಅನ್ನಿಸುವುದು ಇದೇ. ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮುಂಡರಗಿ, ರೋಣ, ಹಾನಗಲ್ ಕಡೆ ಯಾವ ಊರಿಗೆ ಬೇಕಾದರೂ ಹೋಗಿ ಕೇಳಿ. ಅಪ್ಪನ ಬ್ಯಾಂಕ್ ಖಾತೆಗೆ ಮಗನ ನಂಬರ್. ಅವ್ವನ ಆಧಾರ್‌ಗೂ ಮಗನ ನಂಬರ್. ಗ್ಯಾಸ್ ಪುಸ್ತಕಕ್ಕೆ ಅಳಿಯನ ನಂಬರ್. ಅವತ್ತು ಫಾರ್ಮ್ ತುಂಬುವಾಗ ಯಾರು ಹತ್ತಿರ ನಿಂತಿದ್ದರೋ ಅವರ ನಂಬರ್ ಬರೆಸಿರುತ್ತಾರೆ, ಅಷ್ಟೇ. ಮಗ ಊರಲ್ಲಿ ಇರುವ ತನಕ ಏನೂ ಆಗುವುದಿಲ್ಲ. ಅವನು ಬೆಂಗಳೂರಿಗೋ ಗೋವಾಕ್ಕೋ ದುಡಿಯಲಿಕ್ಕೆ ಹೋದ ಮೇಲೆ ನೋಡಿ. ಅವ್ವ ಇಲ್ಲಿ ಗ್ರಾಮ ಒನ್ ಕೇಂದ್ರದಲ್ಲಿ ಪಾಳಿ ಹಚ್ಚಿ ನಿಂತಿರುತ್ತಾಳೆ, ಓಟಿಪಿ ಅಲ್ಲಿ ಅವನ ಕಿಸೆಯಲ್ಲಿ ಬಂದು ಬೀಳುತ್ತದೆ, ಅವನು ಗಾಡಿ ಹೊಡೆಯುತ್ತಾ ಇರುತ್ತಾನೆ ಅಥವಾ ಮಾಲಕರು ಫೋನ್ ಎತ್ತಲಿಕ್ಕೆ ಬಿಡುವುದಿಲ್ಲ, ಅಷ್ಟರಲ್ಲಿ ಓಟಿಪಿಯ ಟೈಮ್ ಮುಗಿದು ಕೇಂದ್ರದ ಹುಡುಗ 'ಅವ್ವಾರ, ನಾಳೆ ಬರ್ರಿ' ಅನ್ನುತ್ತಾನೆ. ಒಂದು ದಿನದ ಕೂಲಿ ಹೋಯಿತು. ಬಸ್ಸು ಪುಕ್ಕಟೆ, ದಿನ ಪುಕ್ಕಟೆ ಅಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಕೆಟ್ಟದ್ದು. ಖಾತೆ ಅವಳದು, ನಂಬರ್ ಗಂಡನದು. ರೊಕ್ಕ ಬಂದದ್ದು ಅವಳಿಗಿಂತ ಮೊದಲು ಅವನಿಗೆ ಗೊತ್ತಾಗುತ್ತದೆ. ಮುಂದೆ ಏನಾಗುತ್ತದೆ ಅಂತ ನಾನು ಬರೆಯಬೇಕಾಗಿಲ್ಲ.

ಇದಕ್ಕೆ ದೊಡ್ಡ ಫೋನ್ ಬೇಕಾಗಿಲ್ಲ. ಅವ್ವನ ಹೆಸರಲ್ಲೇ ಒಂದು ಸಿಮ್, ಅದಕ್ಕೊಂದು ಕಡಿಮೆ ಬೆಲೆಯ ಸೆಟ್. ಆಮೇಲೆ ಆಧಾರ್ ಕೇಂದ್ರಕ್ಕೆ ಹೋಗಿ ನಂಬರ್ ಬದಲಿಸಿ, ಬ್ಯಾಂಕಿಗೆ ಹೋಗಿ ಅಲ್ಲೂ ಬದಲಿಸಿ. ಒಂದು ಸಲದ ತಿರುಗಾಟ. ಮನೆಯಲ್ಲಿ ಇರುವ ರೊಕ್ಕ ಒಂದೇ ಫೋನಿಗೆ ಸಾಕಾಗುವಷ್ಟಿದ್ದರೆ, ಒಂದು ದೊಡ್ಡ ಫೋನಿನ ಬದಲು ಎರಡೋ ಮೂರೋ ಬಟನ್ ಫೋನ್ ತಗೊಳ್ಳಿ ಅಂತ ನಾನು ಹೇಳುತ್ತೇನೆ. ಮಗನಿಗೆ ಸಿಟ್ಟು ಬರುತ್ತದೆ, ಬರಲಿ.

ಬಟನ್ ಫೋನ್

ಸಾವಿರದಿಂದ ಎರಡು ಸಾವಿರದ ಒಳಗೆ ಸಿಗುತ್ತದೆ. ಒಂದು ಸಲ ಚಾರ್ಜ್ ಹಾಕಿದರೆ ದಿನಗಟ್ಟಲೆ ಬರುತ್ತದೆ. ಕೆಳಗೆ ಬಿದ್ದರೂ ಬದುಕುತ್ತದೆ, ರಾತ್ರಿ ನೀರು ಹಾಯಿಸಲಿಕ್ಕೆ ಹೋದರೆ ಟಾರ್ಚ್ ಇದೆ, ಎಫ್ಎಂ ರೇಡಿಯೋ ಇದೆ. ಧಾರವಾಡ ಆಕಾಶವಾಣಿ 1950ರಿಂದ ಮಾತಾಡುತ್ತಿದೆ, ಅದನ್ನು ಕೇಳುತ್ತಾ ಬೆಳೆದ ಕಿವಿಗಳಿಗೆ ಇದೇನು ಸಣ್ಣ ಮಾತಲ್ಲ. ಪಂಪ್‌ಸೆಟ್ಟಿಗೆ ಮೊಬೈಲ್ ಸ್ಟಾರ್ಟರ್ ಕೂರಿಸಿದ್ದರೆ ಅದಕ್ಕೂ ಬಟನ್ ಫೋನ್ ಸಾಕು. ಸ್ಟಾರ್ಟರಿನೊಳಗೆ ಒಂದು ಸಿಮ್ ಇರುತ್ತದೆ, ಮನೆಯಿಂದ ಕಾಲ್ ಮಾಡಿದರೆ ಮೋಟಾರ್ ಚಾಲೂ ಆಗುತ್ತದೆ. ತ್ರೀಫೇಸ್ ಕರೆಂಟ್ ನಡುರಾತ್ರಿ ಕೊಡುವ ಊರುಗಳಲ್ಲಿ ಇದು ನಿದ್ದೆ ಉಳಿಸುವ ಸಾಮಾನು.

ತಗೊಳ್ಳುವಾಗ ನೋಡಬೇಕಾದ್ದು ಎರಡು. ಮೊದಲನೆಯದು, 2ಜಿ ಸೆಟ್ಟಾ, 4ಜಿ ಸೆಟ್ಟಾ? ಜಿಯೋಗೆ 2ಜಿ ಅನ್ನುವುದೇ ಇಲ್ಲ. ಜಿಯೋ ಸಿಮ್ ಇಟ್ಟುಕೊಂಡು ಅಗ್ಗ ಸಿಕ್ಕಿತು ಅಂತ 2ಜಿ ಸೆಟ್ ತಂದರೆ ಅದು ಬರೀ ಟಾರ್ಚ್. ಏರ್‌ಟೆಲ್, ವಿಐ ಸಿಮ್‌ಗಳು 2ಜಿಯಲ್ಲೂ ನಡೆಯುತ್ತವೆ. ಆದರೂ ಈಗ ಹೊಸದಾಗಿ ತಗೊಳ್ಳುವವರು 4ಜಿಯದ್ದೇ ತಗೊಳ್ಳಿ, ಐದಾರು ನೂರು ಜಾಸ್ತಿ ಆದರೂ ಪರವಾಗಿಲ್ಲ. ನಿಮ್ಮ ಊರಲ್ಲಿ ಯಾವ ಕಂಪನಿಯ ರೇಂಜ್ ಸಿಗುತ್ತದೆ ಅಂತ ಹೊಲದಲ್ಲಿ ನಿಂತು ನೋಡಿಕೊಂಡು ಆಮೇಲೆ ಸಿಮ್ ಆರಿಸಿ. ಕಪ್ಪತಗುಡ್ಡದ ಮಗ್ಗುಲಿನ ಊರಿನವರಿಗೆ ಗದಗ ಪ್ಯಾಟಿಯ ಅಂಗಡಿಯವನು ಹೇಳುವ 'ಫುಲ್ ರೇಂಜ್' ಉಪಯೋಗಕ್ಕೆ ಬರುವುದಿಲ್ಲ.

ಎರಡನೆಯದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ನಿಮ್ಮ ಫೋನಿನಿಂದ ಆ ಹೊಸ ಸೆಟ್‌ಗೆ ಕನ್ನಡದಲ್ಲಿ ಒಂದು ಮೆಸೇಜ್ ಕಳಿಸಿ ನೋಡಿ. ಎಷ್ಟೋ ಅಗ್ಗದ ಸೆಟ್‌ಗಳಲ್ಲಿ ಕನ್ನಡ ಅಕ್ಷರದ ಜಾಗದಲ್ಲಿ ಬರೀ ಚೌಕಟ್ಟು ಚೌಕಟ್ಟು ಕಾಣುತ್ತವೆ. ಇಂಗ್ಲಿಷ್ ಬಾರದ ಅವ್ವನಿಗೆ ಕನ್ನಡದಲ್ಲಿ ಮೆಸೇಜ್ ಬಂದೂ ಓದಲಿಕ್ಕೆ ಆಗದಿದ್ದರೆ ಅವಳು ಮತ್ತೆ ಇನ್ನೊಬ್ಬರ ಹತ್ತಿರ ಹೋಗಿ 'ಏನ್ ಬಂದೈತಿ ನೋಡ್ರಿ' ಅನ್ನಬೇಕು, ಮತ್ತೆ ಓಟಿಪಿ ಇನ್ನೊಬ್ಬರ ಕಣ್ಣಿಗೆ ಬೀಳುತ್ತದೆ. ಹಾಗೇ ಬಟನ್ ಮೇಲಿನ ಅಂಕಿ ದೊಡ್ಡದಿದೆಯಾ, ಗಂಟೆ ಜೋರಾಗಿ ಬಾರಿಸುತ್ತದಾ ಅಂತಲೂ ನೋಡಿ. ಅಂಗಡಿಯೊಳಗೆ ಎಲ್ಲವೂ ಜೋರಾಗೇ ಕೇಳುತ್ತವೆ, ರಸ್ತೆಗೆ ಬಂದು ಕೇಳಿ.

ರೊಕ್ಕ ಕಳಿಸುವುದಾ? ಬಟನ್ ಫೋನಿನಿಂದಲೂ ಆಗುತ್ತದೆ. *99# ಒತ್ತುವ ದಾರಿ ಬಹಳ ಹಿಂದಿನಿಂದ ಇದೆ, 2022ರ ಮಾರ್ಚ್‌ನಲ್ಲಿ ಯುಪಿಐ 123ಪೇ ಅಂತ ಇನ್ನೊಂದು ಬಂತು. ಬಳಸುವವರು ನನ್ನ ಸುತ್ತ ತೀರಾ ಕಡಿಮೆ. ಮೆನು ಮೇಲೆ ಮೆನು ಬರುತ್ತದೆ, ಹಿಂದೆ ನಿಂತವರು ಗೊಣಗುತ್ತಾರೆ. ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಹೂವು ತಗೊಳ್ಳಲಿಕ್ಕೆ ಇದು ನಡೆಯುವ ಮಾತಲ್ಲ, ಕಿಸೆಯಲ್ಲಿ ಚಿಲ್ಲರೆ ಇಟ್ಟುಕೊಳ್ಳಿ. ರೊಕ್ಕ ತಗೊಳ್ಳುವವರ ಕಥೆ ಬೇರೆ. ಹೂವು ಮಾರುವ ಅಕ್ಕನ ಮುಂದೆ ಇರುವ, ರೊಕ್ಕ ಬಂತು ಅಂತ ಕೂಗಿ ಹೇಳುವ ಡಬ್ಬಿಗೆ ಅದರದ್ದೇ ಸಿಮ್ ಇರುತ್ತದೆ. ಒಂದು ಸಲ ಖಾತೆ ಜೋಡಿಸಿಕೊಟ್ಟರೆ, ದಿನಾ ವ್ಯಾಪಾರ ಮಾಡಲಿಕ್ಕೆ ಅವಳಿಗೆ ಸ್ಮಾರ್ಟ್‌ಫೋನ್ ಹಿಡಿದು ಕೂರುವ ಅವಶ್ಯಕತೆ ಇಲ್ಲ.

ಒಂದು ಎಚ್ಚರಿಕೆ. 2017ರಲ್ಲಿ ಬಂದ ಜಿಯೋಫೋನ್ ಥರದ ಹಳೇ ಸೆಟ್‌ಗಳನ್ನು 'ಇದರಾಗ ವಾಟ್ಸಾಪೂ ನಡೀತೈತ್ರಿ' ಅಂತ ಸೆಕೆಂಡ್‌ಹ್ಯಾಂಡ್ ಮಾರುತ್ತಾರೆ. ಆ ಸೆಟ್‌ಗಳಿಗೆ ವಾಟ್ಸಾಪ್ ಕೊಡುವುದನ್ನು ಕಂಪನಿ ನಿಲ್ಲಿಸಿದೆ. ವಾಟ್ಸಾಪ್ ಆಸೆಗೆ ಅದನ್ನು ತಗೊಳ್ಳಬೇಡಿ.

ದೊಡ್ಡ ಫೋನ್ ನಿಜಕ್ಕೂ ಯಾರಿಗೆ ಬೇಕು?

ಹೊಟ್ಟೆಪಾಡು ಅದರ ಮೇಲೆ ನಿಂತವರಿಗೆ. ಹುಬ್ಬಳ್ಳಿ ವಿದ್ಯಾನಗರದ ಸುತ್ತ ಊಟದ ಡೆಲಿವರಿ ಮಾಡುವ ಹುಡುಗನಿಗೆ, ಆ್ಯಪ್ ನಂಬಿಕೊಂಡ ಆಟೋದವನಿಗೆ ಅದೇ ಬಂಡಿ, ಅದೇ ಎತ್ತು. ಧಾರವಾಡದಲ್ಲಿ ರೂಮ್ ಮಾಡಿಕೊಂಡು ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿಗೂ ಬೇಕು. ಅರ್ಜಿ ಕರೆದದ್ದು, ಹಾಲ್ ಟಿಕೆಟ್ ಬಿಟ್ಟದ್ದು, ಕೀ ಉತ್ತರ ಬಂದದ್ದು ಎಲ್ಲ ಮೊದಲು ತಿಳಿಯುವುದು ಟೆಲಿಗ್ರಾಂ ಗುಂಪಿನಲ್ಲಿ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವವರೂ ಬಿಡಲಾರರು. ಕಡ್ಡಿ ತಳಿಯೋ ಡಬ್ಬಿ ತಳಿಯೋ, ಬಣ್ಣ ಹೇಗಿದೆ ಅಂತ ದೂರದ ಖರೀದಿದಾರ ಫೋಟೋ ಕೇಳುತ್ತಾನೆ, ಮಾತಿನಲ್ಲಿ ಕೆಂಪು ತೋರಿಸಲಿಕ್ಕಾಗುವುದಿಲ್ಲವಲ್ಲ.

ರೈತರಿಗೆ? ಇಲ್ಲಿ ನನ್ನ ಉತ್ತರ ಅರ್ಧ ಹೌದು. ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ನಿಮ್ಮ ಹೊಲದ ಬೆಳೆಯ ಫೋಟೋ ನೀವೇ ಹಾಕಬಹುದು. ಬೇರೆಯವರು ಬಂದು ಹೆಸರುಕಾಳು ಬಿತ್ತಿದ ಹೊಲಕ್ಕೆ ಗೋವಿನಜೋಳ ಅಂತ ಬರೆದು ಹೋದರೆ ವಿಮೆ, ಪರಿಹಾರದ ಹೊತ್ತಿಗೆ ನೀವು ಕಚೇರಿ ಕಟ್ಟೆ ಹತ್ತಬೇಕಾಗುತ್ತದೆ. ಮಾರುಕಟ್ಟೆ ದರ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ಸಿಗುತ್ತದೆ, ಅಮರಗೋಳದ ರೇಟು, ಗದಗಿನ ರೇಟು ಎರಡನ್ನೂ ನೋಡಿಕೊಂಡು ಗಾಡಿ ಎತ್ತ ತಿರುಗಿಸಬೇಕು ಅಂತ ಲೆಕ್ಕ ಹಾಕಬಹುದು. ಆದರೆ ಇದಕ್ಕೆಲ್ಲ ಮನೆಗೆ ಒಂದು ದೊಡ್ಡ ಫೋನ್ ಸಾಕು. ತಲೆಗೊಂದು ಯಾಕೆ?

ಶಾಲೆಯ ಮಕ್ಕಳಿಗೆ ಬೇಡವೇ ಬೇಡ. 2020ರಲ್ಲಿ ಶಾಲೆ ಮುಚ್ಚಿದಾಗ ಆನ್‌ಲೈನ್ ಕ್ಲಾಸಿಗೆ ಅಂತ ಸಾಲ ಮಾಡಿ ಫೋನ್ ಕೊಡಿಸಿದವರು ಎಷ್ಟೋ ಮಂದಿ. ಆಗಲೂ ಫೋನಿಲ್ಲದ ಮಕ್ಕಳು ಇದ್ದರು ಅಂತಲೇ ಸರ್ಕಾರ ವಿದ್ಯಾಗಮ ಶುರು ಮಾಡಿ, ಮಾಸ್ತರರನ್ನು ಗುಡಿಯ ಕಟ್ಟೆಗೆ, ಮರದ ನೆರಳಿಗೆ ಕಳಿಸಿತ್ತು. ಅದೂ ಕೆಲವೇ ತಿಂಗಳು ನಡೆಯಿತು ಅನ್ನಿ. ಈಗ ಶಾಲೆ ತೆರೆದಿದೆ. ಹೋಮ್‌ವರ್ಕ್ ವಾಟ್ಸಾಪಿನಲ್ಲಿ ಬಂದರೆ ಅಪ್ಪ ಅವ್ವನ ಫೋನಿನಲ್ಲಿ ನೋಡಲಿ.

ದೊಡ್ಡ ಫೋನಿನ ನಿಜವಾದ ಖರ್ಚು ಅದರ ಬೆಲೆಯಲ್ಲಿ ಕಾಣುವುದಿಲ್ಲ. ತಿಂಗಳ ರೀಚಾರ್ಜ್ ಇದೆ, ನಾಲ್ಕೈದು ವರ್ಷಕ್ಕೆ ಹಳೇದಾಗಿ ಬ್ಯಾಂಕ್ ಆ್ಯಪ್‌ಗಳು ನಿಲ್ಲುವುದಿದೆ. ಮೇಲಾಗಿ ಮೋಸದ ಬಾಗಿಲು ಅಗಲವಾಗಿ ತೆರೆಯುತ್ತದೆ. ಮದುವೆ ಆಮಂತ್ರಣ ಅಂತ ವಾಟ್ಸಾಪಿನಲ್ಲಿ ಎಪಿಕೆ ಫೈಲ್, ಅಂದರೆ ಫೋನಿನೊಳಗೆ ಆ್ಯಪ್ ಕೂರಿಸುವ ಫೈಲ್ ಬರುತ್ತದೆ, ನಮ್ಮವರದೇ ಯಾರದೋ ಮದುವೆ ಇರಬೇಕು ಅಂತ ಒತ್ತಿದರೆ ಫೋನ್ ಮೋಸಗಾರರ ಕೈಗೆ ಹೋಗುತ್ತದೆ. ಬಟನ್ ಫೋನಿಗೆ ಈ ಕಾಟ ಇಲ್ಲ. 'ನಾವು ಪೊಲೀಸರು, ನಿಮ್ಮ ಮೇಲೆ ಕೇಸಾಗಿದೆ' ಅಂತ ಹೆದರಿಸುವ ಕಾಲ್ ಮಾತ್ರ ಎರಡಕ್ಕೂ ಬರುತ್ತದೆ. ರೊಕ್ಕ ಹೋದರೆ ತಡ ಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕಾಲ್ ಮಾಡಬೇಕು. ಈ ನಂಬರನ್ನು ಅಡುಗೆ ಮನೆಯ ಕ್ಯಾಲೆಂಡರ್ ಮೇಲೆ ದೊಡ್ಡದಾಗಿ ಬರೆದಿಡಿ.

ಎರಡೂ ಇಟ್ಟುಕೊಳ್ಳುವುದು

ಸುಮ್ನೆ ದುಂದು ಅಂತ ಅನ್ನಿಸಬಹುದು. ಆದರೆ ಐವತ್ತು ದಾಟಿದ, ಸ್ವಲ್ಪ ಉಳಿತಾಯ ಇರುವ, ಯುಪಿಐ ಕೂಡ ಬೇಕು ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ಉಳಿತಾಯದ ದೊಡ್ಡ ಖಾತೆಗೆ ಜೋಡಿಸಿದ ಸಿಮ್ ಬಟನ್ ಫೋನಿನಲ್ಲಿ ಇರಲಿ, ಆ ಫೋನ್ ಮನೆಯಲ್ಲಿ ಇರಲಿ. ಇನ್ನೊಂದು ಬ್ಯಾಂಕಿನಲ್ಲಿ ಸಣ್ಣ ಖಾತೆ ತೆಗೆದು, ತಿಂಗಳ ಖರ್ಚಿನಷ್ಟು ಮಾತ್ರ ಅದರಲ್ಲಿ ಹಾಕಿ, ಬೇರೆ ನಂಬರಿನಿಂದ ದೊಡ್ಡ ಫೋನಿನಲ್ಲಿ ಯುಪಿಐ ಮಾಡಿಕೊಳ್ಳಿ. ಯುಪಿಐ ಶುರು ಮಾಡುವಾಗ ಖಾತೆಯ ಸಿಮ್ ಅದೇ ಫೋನಿನಲ್ಲಿ ಇರಬೇಕು, ಅದಕ್ಕೇ ಎರಡು ಖಾತೆ, ಎರಡು ನಂಬರ್. ಸಂತೆಯಲ್ಲಿ ಫೋನ್ ಕಳೆದರೆ ಹೋಗುವುದು ಕಾಯಿಪಲ್ಲೆ ರೊಕ್ಕ, ಮಗಳ ಮದುವೆಯ ರೊಕ್ಕ ಹೋಗುವುದಿಲ್ಲ.

ಕರೆನ್ಸಿ ಹಾಕಿಸುವಾಗ

ಇಲ್ಲೇ ಎಲ್ಲರೂ ಕೈ ಸುಟ್ಟುಕೊಳ್ಳುವುದು. ಬಟನ್ ಫೋನ್ ಹಿಡಿದ ಅಜ್ಜಾರಿಗೂ ಅಂಗಡಿಯವನು ದಿನಕ್ಕೆ ಇಷ್ಟು ಜಿಬಿ ಡೇಟಾದ ಪ್ಯಾಕ್ ಹಾಕಿ ಕಳಿಸುತ್ತಾನೆ. ಅದು ಅವರಿಗೆ ಏನು ಮಾಡಲಿಕ್ಕೆ? ಬರೀ ಮಾತು ಮತ್ತು ಮೆಸೇಜಿನ ಪ್ಯಾಕ್ ಬೇರೆಯಾಗಿ ಕೊಡಲೇಬೇಕು ಅಂತ ಫೋನ್ ಕಂಪನಿಗಳ ಮೇಲೆ ಕಣ್ಣಿಡುವ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಕಂಪನಿಗಳಿಗೆ ಹೇಳಿತು, ಮುಂದಿನ ತಿಂಗಳಿಂದ ಅವು ಸಿಗುತ್ತಿವೆ. ನೀವಾಗಿ ಕೇಳಬೇಕು: 'ಡೇಟಾ ಬ್ಯಾಡ್ರಿ, ಬರೇ ಕಾಲಿಂದು ಐತೇನು?' ತಿಂಗಳ ತಿಂಗಳ ಹಾಕಿಸುವುದಕ್ಕಿಂತ ಉದ್ದ ಅವಧಿಯದ್ದು ವಯಸ್ಸಾದವರಿಗೆ ಒಳ್ಳೆಯದು. ಮರೆತುಹೋಗಿ ಬಹಳ ದಿನ ಬಿಟ್ಟರೆ ನಂಬರ್ ಬಂದ್ ಆಗಿ, ಆಮೇಲೆ ಅದು ಬೇರೆ ಯಾರಿಗೋ ಹೋಗುತ್ತದೆ. ನಿಮ್ಮ ಬ್ಯಾಂಕಿನ ಮೆಸೇಜ್ ಯಾವ ಊರಿನವರಿಗೋ ಹೋಗುವುದು ಬೇಡ.

ಸಿಮ್ ಯಾರ ಹೆಸರಲ್ಲಿದೆ ಅಂತಲೂ ಈಗಲೇ ನೋಡಿಕೊಳ್ಳಿ. ಕೇಂದ್ರ ಸರ್ಕಾರದ ಸಂಚಾರ ಸಾಥಿ ಜಾಲತಾಣದಲ್ಲಿ ನಿಮ್ಮ ಹೆಸರಿನ ಮೇಲೆ ಎಷ್ಟು ನಂಬರ್ ಚಾಲೂ ಇವೆ ಅಂತ ಕಾಣುತ್ತದೆ. ಗೊತ್ತಿಲ್ಲದ ನಂಬರ್ ಇದ್ದರೆ ಅಲ್ಲೇ ದೂರು ಕೊಡಬಹುದು. ಮೊಮ್ಮಗನ ಫೋನಿನಿಂದ ಮಾಡಿಸಿಕೊಳ್ಳಿ, ಅವನಿಗೂ ಒಂದು ಕೆಲಸ.

ಇನ್ನು ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯಲ್ಲೇ ತಗೊಳ್ಳಿ, ರಾಣೆಬೆನ್ನೂರಿನಲ್ಲೇ ತಗೊಳ್ಳಿ, ಬಿಲ್ ಇಲ್ಲದೆ ತಗೊಳ್ಳಬೇಡಿ. *#06# ಒತ್ತಿದರೆ ಹದಿನೈದು ಅಂಕಿಯ ಐಎಂಇಐ, ಅಂದರೆ ಆ ಸೆಟ್‌ನ ಗುರುತಿನ ನಂಬರ್ ಬರುತ್ತದೆ, ಬಿಲ್ ಮೇಲೆ ಅದೇ ನಂಬರ್ ಬರೆದಿದ್ದಾರಾ ಅಂತ ಅಲ್ಲೇ ನಿಂತು ತಾಳೆ ನೋಡಿ. ಎರಡು ಸಿಮ್‌ನ ಸೆಟ್ ಆದರೆ ಎರಡು ನಂಬರ್ ಬರುತ್ತವೆ. ಫೋನ್ ಕಳೆದರೆ ಮೊದಲು ಬ್ಯಾಂಕಿಗೆ ಫೋನ್ ಮಾಡಿ, ಪೊಲೀಸರ ಹತ್ತಿರ ದೂರು ಕೊಟ್ಟು, ಅದೇ ನಂಬರಿನ ಡೂಪ್ಲಿಕೇಟ್ ಸಿಮ್ ತಗೊಂಡು, ಸಂಚಾರ ಸಾಥಿಯಲ್ಲಿ ಈ ಐಎಂಇಐ ಕೊಟ್ಟು ಸೆಟ್ ಬ್ಲಾಕ್ ಮಾಡಿಸಬಹುದು. ಬಿಲ್ಲನ್ನು ಫೋನಿನ ಕವರಿನೊಳಗೆ ಮಡಚಿ ಇಡುವವರಿದ್ದಾರೆ. ದಯವಿಟ್ಟು ಬೇರೆ ಕಡೆ ಇಡಿ.